ಓದುವ ಆಸೆ, ಓದುವ ಕೆಲಸ, ಕೈಯಲ್ಲಿರುವ ಫೋನು: ನಮ್ಮ ಭಾಗದ ವಿದ್ಯಾರ್ಥಿಗಳ ಕುರಿತು ಒಂದು ಚರ್ಚೆ

ಅರ್ಥಶಾಸ್ತ್ರದ ಮೇಷ್ಟ್ರು, ಬಳ್ಳಾರಿ

ಸದಸ್ಯರೆಲ್ಲರಿಗೂ ನಮಸ್ಕಾರ. ಸಾಮಾಜಿಕ ಜಾಲತಾಣಗಳಿಂದ ವಿದ್ಯಾರ್ಥಿಗಳಲ್ಲಿ ಸಾಧಿಸುವ ಹಂಬಲವೇ ಸತ್ತುಹೋಗಿದೆ ಎಂಬ ಮಾತನ್ನು ಸ್ಟಾಫ್ ರೂಮಿನಲ್ಲಿ ದಿನವೂ ಕೇಳುತ್ತೇನೆ. ಸ್ನಾತಕೋತ್ತರ ತರಗತಿಗಳಿಗೆ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುವ ನನಗೆ ಈ ಮಾತು ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಆದ್ದರಿಂದ ನನ್ನ ಕಣ್ಣಿಗೆ ಬಿದ್ದದ್ದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಈ ಸೆಮಿಸ್ಟರಿನ ಆರಂಭದಲ್ಲಿ ವಿದ್ಯಾರ್ಥಿಗಳಿಗೆ ಒಂದೊಂದು ಹಾಳೆ ಕೊಟ್ಟು, ಮುಂದೆ ಏನಾಗಬೇಕೆಂದುಕೊಂಡಿದ್ದೀರಿ ಎಂಬುದನ್ನು ಒಂದು ಬದಿಯಲ್ಲಿಯೂ, ಅದಕ್ಕಾಗಿ ಕಳೆದ ವಾರ ಏನು ಮಾಡಿದಿರಿ ಎಂಬುದನ್ನು ಇನ್ನೊಂದು ಬದಿಯಲ್ಲಿಯೂ ಬರೆಯಲು ಹೇಳಿದೆ. ಮೊದಲ ಬದಿ ತುಂಬಿ ಬಂತು. ಕೆಎಎಸ್, ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ), ಬ್ಯಾಂಕ್ ಅಧಿಕಾರಿ, ವಿದೇಶದಲ್ಲಿ ಪಿಎಚ್.ಡಿ. ಎಂದೆಲ್ಲ ಬರೆದಿದ್ದರು. ನಾವು ಓದುವ ಕಾಲದಲ್ಲಿ ಊರ ಹತ್ತಿರ ಒಂದು ಮೇಷ್ಟ್ರ ನೌಕರಿ ಸಿಕ್ಕರೆ ಸಾಕು ಎನ್ನುತ್ತಿದ್ದವರೇ ಹೆಚ್ಚು. ಆ ಲೆಕ್ಕದಲ್ಲಿ ಇವರ ಕನಸು ನಮಗಿಂತ ಬಹಳ ದೊಡ್ಡದು. ಎರಡನೆಯ ಬದಿಯಲ್ಲಿ ಮಾತ್ರ 'ಟಾಪರ್ ಸಂದರ್ಶನ ನೋಡಿದೆ', 'ಟೆಲಿಗ್ರಾಂನಿಂದ ನೋಟ್ಸ್ ಇಳಿಸಿಕೊಂಡೆ', 'ಹೊಸ ಟೈಮ್ ಟೇಬಲ್ ಹಾಕಿಕೊಂಡೆ' ಎಂಬಂತಹ ಉತ್ತರಗಳೇ ಬಹಳ ಇದ್ದವು. ಒಬ್ಬ ವಿದ್ಯಾರ್ಥಿ ಮಾತ್ರ, ಮಾಲ್ತಸನ ಜನಸಂಖ್ಯಾ ಸಿದ್ಧಾಂತದ ಮೇಲಿನ ಟೀಕೆಗಳನ್ನು ಪುಸ್ತಕ ಮುಚ್ಚಿಟ್ಟು ಬರೆದು ನೋಡಿದ್ದಾಗಿಯೂ, ಎರಡು ನೆನಪಾಗಲಿಲ್ಲವೆಂದೂ ಬರೆದಿದ್ದ.

ಗ್ರಂಥಾಲಯದಲ್ಲಿ ಕಂಡದ್ದನ್ನೂ ಹೇಳಬೇಕು. ನೀರಿನ ಬಾಟಲಿಗೆ ಫೋನನ್ನು ಆನಿಸಿಟ್ಟು, ತಾನು ಓದುತ್ತಿರುವುದನ್ನು ತಾನೇ ಚಿತ್ರೀಕರಿಸಿಕೊಳ್ಳುತ್ತ ಕುಳಿತಿದ್ದ ಹುಡುಗನೊಬ್ಬ ನಡುನಡುವೆ ಕೈ ಚಾಚಿ ಚೌಕಟ್ಟು ಸರಿಯಾಗಿದೆಯೇ ಎಂದು ನೋಡುತ್ತಿದ್ದ, ಹೈಲೈಟರಿನ ಮುಚ್ಚಳ ತೆಗೆದು ಒಂದು ಗೆರೆ ಎಳೆದು ಮತ್ತೆ ಮುಚ್ಚುತ್ತಿದ್ದ. ಸಂಜೆ ಆ ವಿಡಿಯೋ ಸ್ಟೇಟಸ್ಸಿಗೆ ಬಂದಿರಬೇಕು. ಅವನಿಗೆ ಓದುವ ಆಸೆ ಇಲ್ಲವೆಂದು ನಾನು ಹೇಳಲಾರೆ. ಆಸೆ ಇಲ್ಲದವನು ಗ್ರಂಥಾಲಯಕ್ಕೇ ಬರುತ್ತಿರಲಿಲ್ಲ. ಆಸೆಗೂ ಕೆಲಸಕ್ಕೂ ನಡುವೆ ಇದ್ದ ಕೊಂಡಿ ಎಲ್ಲೋ ಕಳಚಿಕೊಂಡಿದೆ ಎಂಬುದು ನನ್ನ ಅನಿಸಿಕೆ. ಅದು ಎಲ್ಲಿ ಕಳಚಿತು ಎಂಬುದನ್ನು ತಿಳಿದವರು ಹೇಳಬೇಕು.

ಎಂ.ಎ. ಎರಡನೇ ವರ್ಷ, ರಾಯಚೂರು

ಸರ್, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನೀವು ಹೇಳಿದ್ದು ಸುಳ್ಳೆಂದು ವಾದಿಸಲು ಬಂದಿಲ್ಲ, ಆದರೆ ಇದಕ್ಕೆ ಮತ್ತೊಂದು ಮಗ್ಗುಲಿದೆ ಮತ್ತು ನನ್ನಂಥವರ ಮಟ್ಟಿಗೆ ಅದೇ ದೊಡ್ಡದು.

ನಾನು ದೇವದುರ್ಗ ತಾಲ್ಲೂಕಿನವಳು. ನಮ್ಮ ಮನೆಯಲ್ಲಿ ಪದವಿ ಓದಿದವರಲ್ಲಿ ನಾನೇ ಮೊದಲಿಗಳು. ಬಿ.ಎ. ಮುಗಿಯುವವರೆಗೆ ಕಾಲೇಜು ಅಧ್ಯಾಪಕರಾಗಲು ಬೇಕಾದ ಕೆ-ಸೆಟ್ ಎಂಬ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಬಲ್ಲವರು ಅಕ್ಕಪಕ್ಕದಲ್ಲಿ ಇರಲೂ ಇಲ್ಲ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಮೀಸಲಾತಿ ಇದೆ ಎಂಬುದು ಕಿವಿಗೆ ಬಿದ್ದಿತ್ತಾದರೂ ಅದಕ್ಕೆ ಅರ್ಹತಾ ಪ್ರಮಾಣಪತ್ರ ಬೇಕು, ಅದಕ್ಕೆ ಯಾವ ಯಾವ ದಾಖಲೆ ಜೋಡಿಸಬೇಕು, ಅರ್ಜಿಯಲ್ಲಿ ಅದನ್ನು ಎಲ್ಲಿ ತುಂಬಬೇಕು ಎಂಬುದನ್ನೆಲ್ಲ ತಿಳಿಸಿದ್ದು ಒಂದು ಟೆಲಿಗ್ರಾಂ ಗುಂಪು. ತರಬೇತಿಗೆಂದು ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಣೆ ಹಿಡಿದು ಇರುವ ಶಕ್ತಿ ನಮ್ಮ ಮನೆಗಿಲ್ಲ, ಇದ್ದರೂ ಹೆಣ್ಣುಮಗಳನ್ನು ಒಬ್ಬಳೇ ಕಳಿಸುತ್ತಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು, ಯೂಟ್ಯೂಬಿನ ಉಚಿತ ಪಾಠಗಳು, ನನ್ನ ಹಾಗೆಯೇ ಹೊಲದ ಕೆಲಸ ಮುಗಿಸಿ ಓದಿ ಪಾಸಾದ ಮಾನ್ವಿಯ ಅಕ್ಕನೊಬ್ಬರ ಪರಿಚಯ, ಎಲ್ಲವೂ ಸಿಕ್ಕಿದ್ದು ಈ ಫೋನಿನಲ್ಲಿಯೇ. ನನ್ನ ಹಂಬಲಕ್ಕೆ ಒಂದು ಹೆಸರು ಕೊಟ್ಟದ್ದೇ ಜಾಲತಾಣ ಎಂದರೆ ಅತಿಶಯೋಕ್ತಿಯಲ್ಲ.

ಹಾಗೆಂದು ಸುಳಿಗೆ ಸಿಕ್ಕಿಲ್ಲವೇ ಎಂದರೆ ಸಿಕ್ಕಿದ್ದೇನೆ. ಕೀ ಉತ್ತರ ನೋಡಲು ತೆರೆದ ಫೋನು ರೀಲ್ಸಿನಲ್ಲಿ ಮುಗಿಯುವುದು ಎಲ್ಲರ ಪಾಡು. ಆದರೆ ಪ್ರಶ್ನೆ ಕೇಳಿದರೆ ಉತ್ತರ ಬರುವ ಗುಂಪು ಬೇರೆ, ಬೆರಳು ಸರಿಸಿದಷ್ಟೂ ತಾನಾಗಿಯೇ ಬರುತ್ತಲೇ ಇರುವ ರೀಲ್ಸ್ ಬೇರೆ. ಎರಡನ್ನೂ 'ಸೋಷಿಯಲ್ ಮೀಡಿಯಾ' ಎಂದು ಒಂದೇ ಗಂಟು ಕಟ್ಟಿ ಬೈದರೆ ನಮ್ಮಂಥವರ ಕೈಯಲ್ಲಿರುವ ಒಂದೇ ಸಾಧನವನ್ನೂ ಕಿತ್ತುಕೊಂಡಂತಾಗುತ್ತದೆ.

ಮನೋವಿಜ್ಞಾನ ಸಂಶೋಧನಾರ್ಥಿ, ಬಳ್ಳಾರಿ

ರಾಯಚೂರಿನ ಸಹೋದರಿಯವರು ಮಾಡಿರುವ ವಿಂಗಡಣೆ ಬಹಳ ಮುಖ್ಯವಾದದ್ದು. ಮೇಷ್ಟ್ರು ಕೇಳಿದ ಪ್ರಶ್ನೆಗೆ ಹಳೆಯ ಸಂಶೋಧನೆಯಿಂದ ಕೆಲವು ಸುಳಿವುಗಳನ್ನು ಕೊಡಬಲ್ಲೆ.

ಸಾಧನಾ ಪ್ರೇರಣೆ ಎಂಬ ವಿಷಯವನ್ನು ಜೀವನವಿಡೀ ಅಭ್ಯಾಸ ಮಾಡಿದವರು ಅಮೆರಿಕದ ಡೇವಿಡ್ ಮೆಕ್‌ಲೆಲೆಂಡ್. ಇವರ ತಂಡ 1960ರ ದಶಕದಲ್ಲಿ ನಮ್ಮ ನೆರೆಯ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ಹೈದರಾಬಾದಿನಲ್ಲಿ ತರಬೇತಿ ನೀಡಿ, ಸಾಧಿಸುವ ತುಡಿತವನ್ನು ಕಲಿಸಿಕೊಡಲು ಸಾಧ್ಯವೇ ಎಂದು ಪರೀಕ್ಷಿಸಿತ್ತು. ಅವರ ಪ್ರಯೋಗಗಳಲ್ಲಿ ಉಂಗುರ ಎಸೆಯುವ ಆಟವೊಂದಿದೆ. ನೆಟ್ಟ ಗೂಟಕ್ಕೆ ಎಷ್ಟು ದೂರದಿಂದ ಬೇಕಾದರೂ ಉಂಗುರ ಎಸೆಯಬಹುದು. ಸಾಧನಾ ಪ್ರೇರಣೆ ಹೆಚ್ಚಿರುವವರು ತೀರ ಹತ್ತಿರವೂ ನಿಲ್ಲುವುದಿಲ್ಲ, ತೀರ ದೂರವೂ ನಿಲ್ಲುವುದಿಲ್ಲ. ಬೀಳಬಹುದು, ತಪ್ಪಲೂಬಹುದು ಎನ್ನುವಷ್ಟು ದೂರವನ್ನೇ ಆರಿಸಿಕೊಳ್ಳುತ್ತಾರೆ, ಮತ್ತು ತಮ್ಮ ಪ್ರತಿಯೊಂದು ಎಸೆತ ಎಲ್ಲಿ ಬಿತ್ತೆಂಬುದನ್ನು ತಿಳಿಯಲು ಬಯಸುತ್ತಾರೆ. ಈಗ ನಮ್ಮ ವಿದ್ಯಾರ್ಥಿಯ ಫೋನನ್ನು ನೋಡಿ. ಅಲ್ಲಿ ಕಾಣುವುದು ಇಡೀ ದೇಶಕ್ಕೆ ಮೊದಲ ರ್‍ಯಾಂಕ್ ಬಂದವರು, ಕೋಟಿ ರೂಪಾಯಿ ಪ್ಯಾಕೇಜ್ ಪಡೆದವರು. ಮುಂದಿನ ಇಂಟರ್ನಲ್ಸಿನಲ್ಲಿ ಹನ್ನೆರಡರಿಂದ ಹದಿನಾರಕ್ಕೆ ಏರಬೇಕೆಂಬ ಗುರಿ ಯಾವ ರೀಲಿನಲ್ಲಿಯೂ ಬರುವುದಿಲ್ಲ.

ಹಾಗಾದರೆ ಟಾಪರುಗಳನ್ನು ನೋಡುವುದೇ ಕೆಟ್ಟದ್ದೇ? ಕೆನಡಾದ ಪೆನೆಲೋಪಿ ಲಾಕ್‌ವುಡ್ ಮತ್ತು ಜೀವಾ ಕುಂದಾ ಅವರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಅವರದೇ ವಿಷಯದಲ್ಲಿ ಓದುತ್ತಿರುವ, ನಾಲ್ಕನೆಯ ವರ್ಷದ ಅಸಾಧಾರಣ ಪ್ರತಿಭಾವಂತ ವಿದ್ಯಾರ್ಥಿಯೊಬ್ಬರ ಕುರಿತ ಬರಹವನ್ನು ಓದಲು ಕೊಟ್ಟರು. ಮೊದಲ ವರ್ಷದವರು ಅದನ್ನು ಓದಿ ಹುರುಪುಗೊಂಡರು, ಏಕೆಂದರೆ ಅವರಿಗೆ ಇನ್ನೂ ಮೂರು ವರ್ಷ ಕಾಲಾವಕಾಶವಿತ್ತು. ನಾಲ್ಕನೆಯ ವರ್ಷದವರಿಗೆ ಆ ಹುರುಪು ಬರಲಿಲ್ಲ. ಅಂದರೆ ಒಬ್ಬರ ಯಶಸ್ಸು ಮತ್ತೊಬ್ಬರಿಗೆ ಪ್ರೇರಣೆಯಾಗಬೇಕಾದರೆ 'ಇದು ನನಗೂ ಇನ್ನೂ ಸಾಧ್ಯವಿದೆ' ಎಂಬ ನಂಬಿಕೆ ಬೇಕು. ಹೊಲದ ಕೆಲಸ ಮುಗಿಸಿ ಓದಿದ ಮಾನ್ವಿಯ ಅಕ್ಕ ಈ ಸಹೋದರಿಗೆ ನೆರವಾದದ್ದೂ, ದೆಹಲಿಯ ಟಾಪರನ ವಿಡಿಯೋ ಮೇಷ್ಟ್ರ ವಿದ್ಯಾರ್ಥಿಗಳಿಗೆ ನೆರವಾಗದೆ ಹೋದದ್ದೂ ಇದರಿಂದ ಅರ್ಥವಾಗುತ್ತದೆ ಎಂದು ನನಗನ್ನಿಸುತ್ತದೆ.

ರೈತ, ಸಿಂಧನೂರು

ದೊಡ್ಡವರ ಮಾತಿನ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆ ಇರಲಿ. ನಾನು ಪಿಯುಸಿಗೆ ಓದು ನಿಲ್ಲಿಸಿದವನು. ಮಗ ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಾತ್ರಿ ಫೋನ್ ಮಾಡಿ 'ಏನ್ ಮಾಡಾಕತ್ತಿಯೋ?' ಎಂದರೆ 'ಓದಾಕತ್ತೀನಪ್ಪ' ಎನ್ನುತ್ತಾನೆ, ಅದೇ ಹೊತ್ತಿಗೆ ಅವನ ವಾಟ್ಸಾಪಿನಲ್ಲಿ ಹೊಸ ಸ್ಟೇಟಸ್ ಬಂದಿರುತ್ತದೆ. ಸಿಟ್ಟು ಬರುತ್ತದೆ. ಆದರೆ ನೆಲ್ಲಿನ ಧಾರಣೆ ನೋಡಲೆಂದು ಫೋನ್ ತೆಗೆದು ನಾನೂ ಎಷ್ಟೋ ಹೊತ್ತು ಬೇರೆ ಏನನ್ನೋ ನೋಡುತ್ತ ಕುಳಿತಿರುತ್ತೇನೆ, ಹೀಗಾಗಿ ಬೈಯಲೂ ಬಾಯಿ ಬರುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ: ಅವನ ಕೈಯಿಂದ ಸ್ಮಾರ್ಟ್‌ಫೋನ್ ಬಿಡಿಸಿ ಕೀಪ್ಯಾಡ್ ಫೋನ್ ಕೊಡಿಸಲೇ?

ಹಾಸ್ಟೆಲ್ ಮೇಲ್ವಿಚಾರಕಿ, ಕೊಪ್ಪಳ

ಅಣ್ಣಾವ್ರೇ, ಆ ಪ್ರಯೋಗವನ್ನು ನಮ್ಮಲ್ಲಿ ಮಾಡಿ ನೋಡಿದ್ದೇವೆ, ಅದಕ್ಕೇ ಬರೆಯುತ್ತಿದ್ದೇನೆ. ರಾತ್ರಿ ಊಟವಾದ ಮೇಲೆ ಎಲ್ಲರ ಫೋನುಗಳನ್ನು ಕಚೇರಿಯ ಕಪಾಟಿನಲ್ಲಿ ಇಡಬೇಕೆಂದು ನಿಯಮ ಮಾಡಿದೆವು. ಮೊದಲ ದಿನಗಳಲ್ಲಿ ವರಾಂಡದಲ್ಲಿ ಗುಂಪುಗುಂಪಾಗಿ ಕುಳಿತು ಓದುವುದು ಕಂಡಿತು. ಸ್ವಲ್ಪ ದಿನಗಳಲ್ಲೇ ಕಪಾಟಿಗೆ ಬರುತ್ತಿದ್ದ ಫೋನುಗಳಲ್ಲಿ ಕೆಲವು ಆನ್ ಆಗದ ಹಳೆಯ ಸೆಟ್ಟುಗಳಾಗಿರುವುದು ಗೊತ್ತಾಯಿತು. ಅಸಲಿ ಫೋನು ದಿಂಬಿನ ಕೆಳಗೆ ಇರುತ್ತಿತ್ತು.

ಅದಕ್ಕಿಂತ ದೊಡ್ಡ ತೊಂದರೆ ಹೊರಗಿನಿಂದ ಬಂತು. ನಾಳೆಯ ತರಗತಿ ರದ್ದಾಗಿದೆ ಎಂಬ ಸೂಚನೆ, ಅಸೈನ್‌ಮೆಂಟ್ ಸಲ್ಲಿಸುವ ಕೊನೆಯ ದಿನಾಂಕ, ಇಂಟರ್ನಲ್ ಅಂಕಗಳ ಪಟ್ಟಿ, ವಿದ್ಯಾರ್ಥಿವೇತನದ ಅರ್ಜಿಯ ಸುದ್ದಿ, ಎಲ್ಲವನ್ನೂ ಕಾಲೇಜಿನವರು ಹಾಕುವುದು ವಾಟ್ಸಾಪ್ ಗುಂಪಿಗೆ, ಅದೂ ರಾತ್ರಿ ಒಂಬತ್ತೂವರೆ ಹತ್ತರ ಸುಮಾರಿಗೆ. ಒಬ್ಬ ಹುಡುಗಿ ಫೋನ್ ಕಪಾಟಿನಲ್ಲಿದ್ದ ಕಾರಣಕ್ಕೆ ಪ್ರಾಯೋಗಿಕ ಪರೀಕ್ಷೆಯ ಸಮಯ ಬದಲಾದದ್ದು ತಿಳಿಯದೆ ತಡವಾಗಿ ಹೋಗಿ ಅಳುತ್ತ ಬಂದ ಮೇಲೆ ನಿಯಮವನ್ನು ಕೈಬಿಟ್ಟೆವು. ಮಕ್ಕಳು ಫೋನ್ ಬಿಡುತ್ತಿಲ್ಲ ಎಂದು ದೂರುವ ಅಧ್ಯಾಪಕರೇ ಫೋನ್ ಇಲ್ಲದೆ ವಿದ್ಯಾರ್ಥಿಯಾಗಿರಲು ಸಾಧ್ಯವಿಲ್ಲದಂತೆ ಮಾಡಿದ್ದಾರೆ. ಸೂಚನಾ ಫಲಕವೆಂಬುದೊಂದು ಪ್ರತಿ ಕಾಲೇಜಿನ ಗೋಡೆಯ ಮೇಲೆ ಇನ್ನೂ ಇದೆ. ಅದರಲ್ಲಿ ಕಳೆದ ವರ್ಷದ ಕ್ರೀಡಾಕೂಟದ ಚೀಟಿ ಹಳದಿಯಾಗಿ ಅಂಟಿಕೊಂಡಿರುತ್ತದೆ.

ಮನೋವಿಜ್ಞಾನ ಸಂಶೋಧನಾರ್ಥಿ, ಬಳ್ಳಾರಿ

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರು ಫೇಸ್‌ಬುಕ್ ಬಳಕೆದಾರರಲ್ಲಿ ಕೆಲವರಿಗೆ ಹಣ ಕೊಟ್ಟು ನಾಲ್ಕು ವಾರ ಖಾತೆಯನ್ನು ನಿಷ್ಕ್ರಿಯಗೊಳಿಸುವಂತೆ ಮಾಡಿದರು. ದಿನಕ್ಕೆ ಸರಾಸರಿ ಸುಮಾರು 60 ನಿಮಿಷ ಉಳಿಯಿತು, ಮನಸ್ಸಿನ ನೆಮ್ಮದಿಯೂ ತುಸು ಹೆಚ್ಚಿತು. ಆದರೆ ಆ ಉಳಿದ ಸಮಯದಲ್ಲಿ ಒಂದಿಷ್ಟು ಭಾಗ ಮನೆಯವರ ಮತ್ತು ಗೆಳೆಯರ ಒಡನಾಟಕ್ಕೆ ಹೋದರೆ ಇನ್ನೊಂದಿಷ್ಟು ಭಾಗ ಒಬ್ಬರೇ ಕುಳಿತು ಟಿವಿ ನೋಡುವುದಕ್ಕೆ ಹೋಯಿತು. ಸಮಯ ಉಳಿದ ಮಾತ್ರಕ್ಕೆ ಅದು ಓದಿಗೇ ಹೋಗಬೇಕೆಂದಿಲ್ಲ.

ಮನಸ್ಸಿನ ಮೇಲಿನ ಪರಿಣಾಮವನ್ನು ಮಾತ್ರ ಹಗುರವಾಗಿ ಕಾಣಬಾರದು. 2004ರಲ್ಲಿ ಹಾರ್ವರ್ಡಿನಲ್ಲಿ ಹುಟ್ಟಿದ ಫೇಸ್‌ಬುಕ್ ಒಂದೊಂದೇ ಕಾಲೇಜಿಗೆ ಹಬ್ಬುತ್ತ ಹೋಯಿತಲ್ಲ, ಅದು ಬಂದ ಕಾಲೇಜುಗಳನ್ನೂ ಇನ್ನೂ ಬಾರದ ಕಾಲೇಜುಗಳನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಫೇಸ್‌ಬುಕ್ ಬಂದ ಕಡೆ ವಿದ್ಯಾರ್ಥಿಗಳಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವು, ಮನಸ್ಸು ಸರಿಯಿಲ್ಲದ ಕಾರಣ ಓದು ಕೆಟ್ಟಿತೆಂದು ಹೇಳಿದವರೂ ಹೆಚ್ಚಿದ್ದರು. ಬೇರೆಯವರ ಬದುಕಿನೊಂದಿಗೆ ತಮ್ಮದನ್ನು ಹೋಲಿಸಿಕೊಳ್ಳುವುದೇ ಇದಕ್ಕೆ ಕಾರಣವಿರಬಹುದೆಂದು ಆ ಸಂಶೋಧಕರು ಹೇಳುತ್ತಾರೆ. ಅಂದಿನ ಫೇಸ್‌ಬುಕ್ಕಿನಲ್ಲಿ ರೀಲ್ಸ್ ಇರಲಿಲ್ಲ, ಲೈಕ್ ಗುಂಡಿಯೂ ಇರಲಿಲ್ಲ. ಲೈಕ್ ಗುಂಡಿ ಬಂದದ್ದು 2009ರಲ್ಲಿ.

ಬಿ.ಎಸ್ಸಿ. ಅಂತಿಮ ವರ್ಷ, ಕುಷ್ಟಗಿ

ಮೇಷ್ಟ್ರು ಬರೆದ ಬಾಟಲಿಯ ಹುಡುಗನ ಪರವಾಗಿ ನಾನು ಮಾತನಾಡಬೇಕು, ಏಕೆಂದರೆ ನಾನೂ ಇನ್‌ಸ್ಟಾಗ್ರಾಂನಲ್ಲಿ ಓದಿನ ಕುರಿತಾದ ಒಂದು ಪುಟ ನಡೆಸುತ್ತೇನೆ. ಒಳಗಿನಿಂದ ಅದು ಹೇಗೆ ಕಾಣುತ್ತದೆ ಎಂಬುದನ್ನು ಹೇಳುತ್ತೇನೆ.

'ಇಂದು ಹತ್ತು ತಾಸು ಓದಿದೆ' ಎಂದು ಟೈಮರಿನ ಚಿತ್ರ ಹಾಕಿದರೆ ನೂರಾರು ಲೈಕುಗಳು ಬರುತ್ತವೆ. ಬೆನ್ನುಬೆನ್ನಿಗೆ 'ಜೈ ಅಣ್ಣ', 'ಬೆಂಕಿ' ಎಂಬ ಕಮೆಂಟುಗಳೂ ಬರುತ್ತವೆ. ಅದೇ ಪುಟದಲ್ಲಿ ಸಾವಯವ ರಸಾಯನಶಾಸ್ತ್ರದ ಒಂದು ಪ್ರತಿಕ್ರಿಯೆಯ ಹಂತ ತಿಳಿಯುತ್ತಿಲ್ಲ, ಯಾರಾದರೂ ಹೇಳಿ ಎಂದು ಕೇಳಿದರೆ ಇಬ್ಬರೋ ಮೂವರೋ ನೋಡಿ ಮುಂದೆ ಹೋಗುತ್ತಾರೆ. ನಾನು ಬಳಸುವ ಪೆನ್ನು ಯಾವುದು, ಟೇಬಲ್ ಲ್ಯಾಂಪು ಎಲ್ಲಿ ಕೊಂಡದ್ದು ಎಂದು ಕೇಳುವವರೇ ಹೆಚ್ಚು. ಎಷ್ಟು ತಾಸು ಕುಳಿತೆ ಎಂಬುದು ಕ್ಯಾಮೆರಾಕ್ಕೆ ಕಾಣುತ್ತದೆ, ಏನು ತಿಳಿಯಿತು ಎಂಬುದು ಕಾಣುವುದಿಲ್ಲ. ಕಾಣುವುದಕ್ಕೇ ಲೈಕ್ ಬರುವುದರಿಂದ ಕ್ರಮೇಣ ದಿನದ ಯೋಜನೆಯೇ ಆ ಕಡೆಗೆ ವಾಲುತ್ತದೆ. ಇದರಲ್ಲಿ ಮೋಸ ಮಾಡುವ ಉದ್ದೇಶ ಯಾರಿಗೂ ಇರುವುದಿಲ್ಲ.

ಇದರ ಲಾಭವನ್ನೂ ಹೇಳಬೇಕಲ್ಲ. ಊರಲ್ಲಿ ಒಬ್ಬನೇ ಓದುತ್ತ ಕುಳಿತಾಗ, ಇದೇ ಹೊತ್ತಿಗೆ ಯಲಬುರ್ಗಾದಲ್ಲಿ, ಲಿಂಗಸೂಗೂರಿನಲ್ಲಿ ಇನ್ನೂ ಕೆಲವರು ಎಚ್ಚರವಾಗಿದ್ದಾರೆ ಎಂಬುದು ಗೊತ್ತಾದರೆ ಧೈರ್ಯ ಬರುತ್ತದೆ. ಕುರ್ಚಿಯಲ್ಲಿ ಕೂರಿಸುವ ಮಟ್ಟಿಗೆ ಆ ಪುಟ ನನಗೆ ನೆರವಾಗಿದೆ.

ಮನೋವಿಜ್ಞಾನ ಸಂಶೋಧನಾರ್ಥಿ, ಬಳ್ಳಾರಿ

ಕುಷ್ಟಗಿಯ ತಮ್ಮ ಬರೆದದ್ದು ಈ ಚರ್ಚೆಯ ತಿರುಳು. ಮೇಷ್ಟ್ರು ಹೇಳಿದ ಕೊಂಡಿ ಕಳಚುವುದು ಇಲ್ಲಿಯೇ ಎಂದು ನಾನು ಭಾವಿಸುತ್ತೇನೆ.

ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ಕಾನೂನು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಳ್ಳೆಯ ವಕೀಲರಾಗಲು ಶ್ರಮಿಸುತ್ತೇವೆ ಎಂಬ ಸಂಕಲ್ಪವನ್ನು ಎಲ್ಲರೂ ಬರೆದುಕೊಟ್ಟರು. ಕೆಲವರ ಸಂಕಲ್ಪವನ್ನು ಪ್ರಯೋಗ ನಡೆಸುವವರು ಓದಿ, ಗಮನಿಸಿದ್ದೇವೆ ಎಂದು ತೋರ್ಪಡಿಸಿದರು, ಉಳಿದವರದನ್ನು ಗಮನಿಸಲಿಲ್ಲ. ಅನಂತರ ಕಾನೂನಿನ ಪ್ರಕರಣಗಳನ್ನು ಬಿಡಿಸಲು ಕೊಟ್ಟಾಗ, ಆ ಗುರಿಗೆ ನಿಜವಾಗಿ ಬದ್ಧರಾಗಿದ್ದವರಲ್ಲಿ ಸಂಕಲ್ಪ ಬೇರೆಯವರ ಗಮನಕ್ಕೆ ಬಂದವರೇ ಕಡಿಮೆ ಹೊತ್ತು ಕೆಲಸ ಮಾಡಿ ಎದ್ದರು. ಇನ್ನೊಬ್ಬರು ನಮ್ಮನ್ನು 'ಓದುವವನು' ಎಂದು ಗುರುತಿಸಿದೊಡನೆ ಓದಿನಿಂದ ಬರಬೇಕಾದ ತೃಪ್ತಿಯ ಒಂದು ಕಂತು ಮುಂಗಡವಾಗಿ ಕೈಗೆ ಬಂದಿರುತ್ತದೆ. ಸಾಧಿಸುವ ಆಸೆ ಇದ್ದವರ ಮೇಲೆಯೇ ಇದು ಹೆಚ್ಚು ಕೆಲಸ ಮಾಡಿತು ಎಂಬುದನ್ನು ಗಮನಿಸಬೇಕು. ಆದ್ದರಿಂದ 'ಇವರಿಗೆ ಹಂಬಲವೇ ಇಲ್ಲ' ಎಂಬ ಸ್ಟಾಫ್ ರೂಮಿನ ತೀರ್ಮಾನ ತಿರುಗುಮುರುಗಾದದ್ದು.

ಗಂಗಾವತಿಯ ಇಂಜಿನಿಯರ್, ಸದ್ಯ ಬೆಂಗಳೂರು

ಒಂದೇ ಮಾತು. ಲಿಂಕ್ಡ್‌ಇನ್‌ನಲ್ಲಿ ನೌಕರಿ ಸಿಕ್ಕವರು ಮಾತ್ರ ಬರೆಯುತ್ತಾರೆ. ನಮ್ಮ ಬ್ಯಾಚಿನಲ್ಲಿ ಕ್ಯಾಂಪಸ್‌ನಲ್ಲಿ ಆಯ್ಕೆಯಾಗದವರ ಸಂಖ್ಯೆಯೇ ದೊಡ್ಡದಿತ್ತು, ಅವರಲ್ಲಿ ಒಬ್ಬರೂ 'ಇಂದು ಮೂರನೇ ಸುತ್ತಿನಲ್ಲಿ ಕೈಬಿಟ್ಟರು' ಎಂದು ಬರೆದದ್ದು ನೋಡಿಲ್ಲ. ಆದ್ದರಿಂದ ಜೂನಿಯರುಗಳು ಫೋನ್ ಮಾಡಿದಾಗಲೆಲ್ಲ 'ಎಲ್ಲರಿಗೂ ಆಗಿದೆ, ನನಗೊಬ್ಬನಿಗೇ ಆಗಿಲ್ಲ' ಎನ್ನುತ್ತಾರೆ. ಸಿಂಧನೂರಿನ ಕಾಕಾ, ನಿಮ್ಮ ಮಗನಿಗೆ ಕೀಪ್ಯಾಡ್ ಫೋನ್ ಕೊಡಿಸಬೇಡಿ. ಇಂಟರ್ನ್‌ಶಿಪ್ಪಿನ ಸುದ್ದಿ, ಕೋಡಿಂಗ್ ಕಲಿಸುವವರು, ತಪ್ಪು ತಿದ್ದುವವರು ಎಲ್ಲರೂ ಅಲ್ಲಿಯೇ ಇದ್ದಾರೆ.

ಪ್ರಥಮ ದರ್ಜೆ ಸಹಾಯಕ, ಲಿಂಗಸೂಗೂರು

ಇಲ್ಲಿಯವರೆಗೆ ಬಂದ ಬರಹಗಳನ್ನೆಲ್ಲ ಓದಿದೆ. ಎಲ್ಲರೂ ಫೋನನ್ನೇ ಹಿಡಿದುಕೊಂಡಿದ್ದೀರಿ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ವರ್ಷಗಟ್ಟಲೆ ಓದಿ ಈ ನೌಕರಿಗೆ ಬಂದವನಾಗಿ ನಾನು ಬೇರೆ ಕಡೆಗೆ ಬೊಟ್ಟು ಮಾಡಬೇಕಾಗಿದೆ.

ನಮ್ಮ ಜಿಲ್ಲೆಗಳಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯ 'ಸಾಧನೆ' ಎಂದರೆ ಬಹಳ ಮಂದಿಗೆ ಸರ್ಕಾರಿ ನೌಕರಿಯೇ ಎಂದು ನಾನು ಬಲ್ಲೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಲಿಖಿತ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದುಪಡಿಸಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ನಡುವಿನ ಅವಧಿಯಲ್ಲಿ ಪ್ರಾಮಾಣಿಕವಾಗಿ ಬರೆದು ಆಯ್ಕೆಪಟ್ಟಿಯಲ್ಲಿದ್ದ ಹುಡುಗರು ಬೆಳಿಗ್ಗೆ ಎದ್ದು ಯಾವ ಪ್ರೇರಣೆಯಿಂದ ಪುಸ್ತಕ ತೆರೆಯಬೇಕಿತ್ತು? ಅವರನ್ನು ಕುಗ್ಗಿಸಿದ್ದು ಇನ್‌ಸ್ಟಾಗ್ರಾಂ ಅಲ್ಲ. ಶ್ರಮಕ್ಕೂ ಫಲಕ್ಕೂ ಸಂಬಂಧವಿದೆ ಎಂಬ ನಂಬಿಕೆ ಅಲುಗಾಡಿದಾಗ ಮನುಷ್ಯ ಫೋನಿನೊಳಗೆ ಮುಖ ಹುದುಗಿಸುವುದು ಸಹಜ. ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ಬೆರೆಸಬಾರದು.

ಆದರೆ ಜಾಲತಾಣ ಆ ಗಾಯಕ್ಕೆ ಉಪ್ಪು ಸವರಿದ್ದೂ ನಿಜ. ಪರೀಕ್ಷೆ ಮುಗಿದ ಸಂಜೆಯೇ ಟೆಲಿಗ್ರಾಂ ಚಾನೆಲ್ಲುಗಳಲ್ಲಿ ಕಟ್ ಆಫ್ ಅಂದಾಜುಗಳು ಹಾರಾಡುತ್ತವೆ. ಎಚ್‌ಕೆ (ಹೈದರಾಬಾದ್ ಕರ್ನಾಟಕ, ಅಂದರೆ ನಮ್ಮ ಭಾಗದ) ವೃಂದಕ್ಕೂ ರಾಜ್ಯದ ಉಳಿದ ಭಾಗದ ಉಳಿಕೆ ಮೂಲ ವೃಂದಕ್ಕೂ ಹುದ್ದೆಗಳು ಬೇರೆ, ಕಟ್ ಆಫ್ ಬೇರೆ ಎಂಬುದನ್ನೂ ಹೇಳದೆ ಯಾರೋ ಒಂದು ಅಂಕಿಯನ್ನು ಎಸೆಯುತ್ತಾರೆ. ಅದನ್ನು ನೋಡಿ ನಮ್ಮ ಕೋಣೆಯ ಗೆಳೆಯನೊಬ್ಬ ಮುಂದಿನ ಪತ್ರಿಕೆಗೆ ಓದುವುದನ್ನೇ ಬಿಟ್ಟ. ಕಡೆಗೆ ಅವನ ವೃಂದದ ಕಟ್ ಆಫ್ ಅವನ ಅಂಕಕ್ಕಿಂತ ಕೆಳಗೆ ನಿಂತಿತು. ಆ ಚಾನೆಲ್ಲುಗಳನ್ನು ನಡೆಸುವ ಬಹಳ ಮಂದಿಗೆ ಬೇಕಾದದ್ದು ಸದಸ್ಯರ ಸಂಖ್ಯೆ, ಏಕೆಂದರೆ ಆಮೇಲೆ ಅಲ್ಲಿಯೇ ಟೆಸ್ಟ್ ಸೀರೀಸ್ ಮಾರಬೇಕಿರುತ್ತದೆ.

ಎಂ.ಎ. ಎರಡನೇ ವರ್ಷ, ರಾಯಚೂರು

ಲಿಂಗಸೂಗೂರಿನ ಅಣ್ಣ ಹೇಳಿದ ಮಾತು ನೂರಕ್ಕೆ ನೂರು ಸತ್ಯ. ಅಧಿಸೂಚನೆಯೇ ಬಾರದ ವರ್ಷಗಳಲ್ಲಿ ಗುಂಪುಗಳು ಬರೀ ಗಾಳಿಸುದ್ದಿಯ ಮೇಲೆ ಬದುಕುತ್ತವೆ. ನಾನು ಮೂರು ಚಾನೆಲ್ಲುಗಳನ್ನು ಬಿಟ್ಟು ಉಳಿದವನ್ನೆಲ್ಲ ಮ್ಯೂಟ್ ಮಾಡಿದ್ದೇನೆ. ಉಳಿಸಿಕೊಂಡ ಮೂರರಲ್ಲಿಯೂ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಂದೇಶ ಬರುವುದಿಲ್ಲ.

ಮೇಷ್ಟ್ರಿಗೆ ಒಂದು ಪ್ರಶ್ನೆ. ಇಳಿಸಿಕೊಂಡ ಪಿಡಿಎಫ್ ಓದದೆ ಬಿದ್ದಿರುತ್ತದೆ ಎಂಬ ನಿಮ್ಮ ಇಂಗಿತ ಅರ್ಥವಾಯಿತು. ಪುಸ್ತಕ ಮುಚ್ಚಿ ಬರೆದ ಆ ಒಬ್ಬ ವಿದ್ಯಾರ್ಥಿಯನ್ನು ನೀವು ವಿಶೇಷವಾಗಿ ಹೆಸರಿಸಿದ್ದೇಕೆ? ಅವನ ಅಂಕಗಳು ಉಳಿದವರಿಗಿಂತ ಹೆಚ್ಚಿವೆಯೇ?

ಅರ್ಥಶಾಸ್ತ್ರದ ಮೇಷ್ಟ್ರು, ಬಳ್ಳಾರಿ

ಅಂಕಗಳ ಮಾತು ಬೇಡ, ಅವನು ಇಲ್ಲಿ ಓದುತ್ತಿರಲೂಬಹುದು. ಅವನನ್ನು ಪ್ರಸ್ತಾಪಿಸಿದ್ದಕ್ಕೆ ಕಾರಣ ಬೇರೆ. ತನಗೆ ಎರಡು ಅಂಶ ನೆನಪಾಗಲಿಲ್ಲ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ವಿಡಿಯೋ ನೋಡಿದ ಉಳಿದವರಿಗೆ ತಮಗೆ ಏನು ಬರುವುದಿಲ್ಲ ಎಂಬುದೇ ತಿಳಿದಿರಲಿಲ್ಲ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನು ಸರಳವಾದ ಪ್ರಯೋಗದಿಂದ ತೋರಿಸಿದ್ದಾರೆ. ಒಂದು ಗದ್ಯಭಾಗವನ್ನು ಕೆಲವು ವಿದ್ಯಾರ್ಥಿಗಳು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಬಹಳ ಮುಂದಿದ್ದರು. ವಿಡಿಯೋ ನೋಡುವಾಗ 'ಆಹಾ, ತಿಳಿಯಿತು' ಎನಿಸುವ ಸಮಾಧಾನ ಆ ಐದು ನಿಮಿಷದ ಸಮಾಧಾನವೇ. ಸೆಮಿಸ್ಟರ್ ಪರೀಕ್ಷೆಯಲ್ಲಿ ಹಾಳೆ ಖಾಲಿ ಉಳಿದಾಗ ಅದೇ ವಿದ್ಯಾರ್ಥಿ 'ಇಷ್ಟು ಓದಿದರೂ ಆಗಲಿಲ್ಲ, ನನ್ನ ತಲೆಗೆ ಇದು ಹತ್ತುವುದಿಲ್ಲ' ಎಂದು ಕೈಚೆಲ್ಲುತ್ತಾನೆ. ಪ್ರೇರಣೆ ನಿಜವಾಗಿ ಸಾಯುವುದನ್ನು ನಾನು ಕಂಡಿರುವುದು ಆ ಗಳಿಗೆಯಲ್ಲಿ.

ಆದ್ದರಿಂದ ತರಗತಿಯ ಗುಂಪನ್ನೇ ಸ್ವಲ್ಪ ತಿರುಗಿಸಿ ಬಳಸಲು ಶುರುಮಾಡಿದ್ದೇನೆ. ವಾರಕ್ಕೆ ನಾಲ್ಕು ಪ್ರಶ್ನೆ ಹಾಕುತ್ತೇನೆ. ಪುಸ್ತಕ ಮುಚ್ಚಿ, ಕೈಯಲ್ಲಿ ಬರೆದು, ಆ ಹಾಳೆಯ ಫೋಟೋ ಹಾಕಬೇಕು. ಎಲ್ಲಿ ತಡವರಿಸಿತೋ ಅಲ್ಲಿ ಕೆಂಪು ಗೆರೆ ಎಳೆದಿರಬೇಕು. ಆ ಕೆಂಪು ಗೆರೆಗಳ ಬಗ್ಗೆ ಮಾತ್ರ ಚರ್ಚೆ. ಮೊದಲ ವಾರ ಎಲ್ಲರೂ ಗೆರೆಯಿಲ್ಲದ ಹಾಳೆಗಳನ್ನೇ ಹಾಕಿದರು, ಮುತ್ತಿನಂಥ ಅಕ್ಷರ, ಪುಸ್ತಕದ ವಾಕ್ಯಗಳು! ಗೆರೆ ಇಲ್ಲದ ಹಾಳೆಯನ್ನು ನಾನು ನೋಡುವುದಿಲ್ಲ ಎಂದ ಮೇಲೆ ಬದಲಾವಣೆ ಕಂಡಿತು.

ಮನೋವಿಜ್ಞಾನ ಸಂಶೋಧನಾರ್ಥಿ, ಬಳ್ಳಾರಿ

ಇದಕ್ಕೆ ಆಧಾರವೂ ಇದೆ, ಸರ್. ರೇನಾಲ್ ಜುಂಕೊ ಮತ್ತು ಸಂಗಡಿಗರು 125 ವಿದ್ಯಾರ್ಥಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಗತಿಯ ಚರ್ಚೆ ಮತ್ತು ಸಂದೇಹಗಳಿಗಾಗಿ ಟ್ವಿಟರ್ ಬಳಸಿದವರ ಭಾಗವಹಿಸುವಿಕೆಯೂ ಅಂಕಗಳೂ ಬಳಸದವರಿಗಿಂತ ಹೆಚ್ಚಿದ್ದವು. ಅಧ್ಯಾಪಕರೂ ಆ ಚರ್ಚೆಯಲ್ಲಿ ಸಕ್ರಿಯರಾಗಿದ್ದರು ಎಂಬುದು ಇಲ್ಲಿ ಮುಖ್ಯ. ಒಂದೇ ವಿನಂತಿ: ದಯವಿಟ್ಟು ಆ ಗುಂಪಿನಲ್ಲಿ ಅಂಕ ಹಾಕಬೇಡಿ, 'ವಾರದ ಅತ್ಯುತ್ತಮ ಹಾಳೆ' ಎಂದೂ ಘೋಷಿಸಬೇಡಿ. ಹಾಗೆ ಮಾಡಿದರೆ ಕೆಂಪು ಗೆರೆಗಳು ಮತ್ತೆ ಮಾಯವಾಗುತ್ತವೆ.

ರೈತ, ಸಿಂಧನೂರು

ಕೀಪ್ಯಾಡ್ ಫೋನಿನ ವಿಚಾರ ಬಿಟ್ಟೆ. ಆದರೆ ದೂರದಲ್ಲಿರುವ ನಾನು ಮಗನನ್ನು ಏನೆಂದು ಕೇಳಬೇಕು, ಅದನ್ನಾದರೂ ಹೇಳಿ.

ಎಂ.ಎ. ಎರಡನೇ ವರ್ಷ, ರಾಯಚೂರು

ಕಾಕಾ, ನಮ್ಮಪ್ಪನೂ ದಿನಾ 'ಎಷ್ಟು ಹೊತ್ತು ಓದಿದಿ?' ಎಂದೇ ಕೇಳುತ್ತಿದ್ದರು, ನಾನೂ ಬಾಯಿಗೆ ಬಂದ ತಾಸು ಹೇಳುತ್ತಿದ್ದೆ. ಒಮ್ಮೆ ನಾನೇ ಅವರಿಗೆ 'ಇವತ್ತು ಏನು ತಿಳೀಲಿಲ್ಲ ಅಂತ ಕೇಳಪ್ಪ' ಎಂದೆ. ಈಗ ಹಾಗೆ ಕೇಳುತ್ತಾರೆ. ನಾನು ಹೇಳುವುದು ಅವರಿಗೆ ತಿಳಿಯುವುದಿಲ್ಲ, ಆದರೂ ಹೇಳಬೇಕಾದರೆ ನನಗೆ ಏನು ಬರುವುದಿಲ್ಲ ಎಂಬುದು ನನಗೆ ಗೊತ್ತಿರಬೇಕಾಗುತ್ತದೆ. ನಿಮ್ಮ ಮಗ ಮೊದಮೊದಲು ಸಿಡುಕಬಹುದು.

ಹಾಸ್ಟೆಲ್ ಮೇಲ್ವಿಚಾರಕಿ, ಕೊಪ್ಪಳ

ಮೇಷ್ಟ್ರೇ, ನಿಮ್ಮ ನಾಲ್ಕು ಪ್ರಶ್ನೆಗಳ ಪದ್ಧತಿಯನ್ನು ನಮ್ಮ ಹುಡುಗಿಯರೊಂದಿಗೆ ಮಾಡಿ ನೋಡಬೇಕೆಂದಿದ್ದೇನೆ. ಇಲ್ಲಿ ಬೇರೆ ಬೇರೆ ಕಾಲೇಜು, ಬೇರೆ ಬೇರೆ ವಿಷಯದವರಿದ್ದಾರೆ, ಪ್ರಶ್ನೆ ಹಾಕಲು ಅಷ್ಟು ಅಧ್ಯಾಪಕರು ನನಗೆಲ್ಲಿ ಸಿಗಬೇಕು? ಜೊತೆಗೆ ಕೆಲವರ ಬಳಿ ಡೇಟಾ ತಿಂಗಳ ಕೊನೆಯವರೆಗೆ ಉಳಿಯುವುದಿಲ್ಲ.

ಅರ್ಥಶಾಸ್ತ್ರದ ಮೇಷ್ಟ್ರು, ಬಳ್ಳಾರಿ

ಮೇಡಂ, ಪ್ರಶ್ನೆಗಳಿಗೆ ಹಳೆಯ ಸೆಮಿಸ್ಟರ್ ಪತ್ರಿಕೆಗಳೇ ಸಾಕು. ಅಂತಿಮ ವರ್ಷದವರು ಮೊದಲ ವರ್ಷದವರಿಗೆ ಪ್ರಶ್ನೆ ಆರಿಸಿಕೊಡಲಿ, ಅವರಿಗೂ ಅದು ಪುನರಾವರ್ತನೆಯಾಗುತ್ತದೆ. ಒಂದೇ ಹಾಸ್ಟೆಲ್ಲಿನಲ್ಲಿ ಇರುವವರಿಗೆ ಫೋಟೋ ಹಾಕುವ ಅಗತ್ಯವೂ ಇಲ್ಲ. ಕೆಂಪು ಗೆರೆಯ ಹಾಳೆಗಳನ್ನು ಊಟದ ಕೋಣೆಯ ಗೋಡೆಗೆ ಹೆಸರಿಲ್ಲದೆ ಅಂಟಿಸಿದರೂ ನಡೆಯುತ್ತದೆ. ಅರ್ಥಶಾಸ್ತ್ರ ಮತ್ತು ವಾಣಿಜ್ಯದ ಪ್ರಶ್ನೆಗಳನ್ನು ನಾನು ಭಾನುವಾರದೊಳಗೆ ಕಳಿಸುತ್ತೇನೆ. ರಸಾಯನಶಾಸ್ತ್ರಕ್ಕೆ ಕುಷ್ಟಗಿಯ ತಮ್ಮ ಒಪ್ಪುವುದಾದರೆ ತನ್ನ ಪುಟದಲ್ಲಿ ಟೈಮರಿನ ಚಿತ್ರದ ಜೊತೆಗೇ ವಾರಕ್ಕೆ ಒಂದು ಪ್ರಶ್ನೆಯನ್ನೂ ಹಾಕಬಹುದು.

ಬಿ.ಎಸ್ಸಿ. ಅಂತಿಮ ವರ್ಷ, ಕುಷ್ಟಗಿ

ಹಾಕುತ್ತೇನೆ ಸರ್. ಲೈಕ್ ಬರುವುದಿಲ್ಲ, ಅದು ಈಗಲೇ ಗೊತ್ತು. ಯಾವ ಪಠ್ಯಕ್ರಮದಿಂದ ಎಂಬುದನ್ನು ಮಾತ್ರ ಮೇಡಂ ತಿಳಿಸಲಿ, ನಮ್ಮ ಮೂರನೇ ಸೆಮಿಸ್ಟರಿಗೂ ಅಲ್ಲಿನದಕ್ಕೂ ವ್ಯತ್ಯಾಸವಿರಬಹುದು.